ಎಲ್ಲಿಂದ ಬಂದ ನೀರು

ನಾನು ಕುಂದಾಣದಲ್ಲಿ ಬೆಳೆಯುತ್ತಿದ್ದಾಗ ಊರಿನ ಒಂದೊಂದು ನೀರಿಗೂ ಒಂದೊಂದು ಗುಣ ಇದೆ ಎಂಬುದು ಮಕ್ಕಳಿಗೂ ಗೊತ್ತಿತ್ತು. ಬೇಳೆ ಬೇಗ ಬೇಯುವುದು ಯಾವ ಬಾವಿಯ ನೀರಲ್ಲಿ, ಎಷ್ಟು ಕುದಿಸಿದರೂ ಬೇಯದೆ ಸತಾಯಿಸುವುದು ಯಾವುದರಲ್ಲಿ, ಸೋಪು ನೊರೆ ಬರುವುದು ಎಲ್ಲಿ, ದನ ಇಳಿಯುವ ಕೆರೆಯಂಚು ಎಲ್ಲಿ, ಬಟ್ಟೆ ಒಗೆಯುವ ಕಲ್ಲು ಎಲ್ಲಿ, ಎಲ್ಲವೂ ಲೆಕ್ಕಕ್ಕಿತ್ತು. ಅಜ್ಜಿ ಕುಡಿಯುವ ನೀರನ್ನು ಸೀನೀರ ಬಾವಿಯಿಂದಲೇ ತರುತ್ತಿದ್ದಳು. ತಂದದ್ದನ್ನು ಹಾಗೇ ಗುಡಾಣಕ್ಕೆ ಸುರಿಯುತ್ತಿರಲಿಲ್ಲ. ಹಳೇ ಬಿಳಿ ಪಂಚೆಯ ತುಂಡನ್ನು ನಾಲ್ಕು ಮಡಿಕೆ ಮಾಡಿ ಗುಡಾಣದ ಬಾಯಿಗೆ ಹಾಸಿ, ನಡುವೆ ಸಣ್ಣ ಗುಳಿ ಬೀಳುವಂತೆ ಒತ್ತಿ, ಬಿಂದಿಗೆಯನ್ನು ಮೆಲ್ಲಗೆ ಬಗ್ಗಿಸುತ್ತಿದ್ದಳು. “ಸೋಸ್ದಿರೋ ನೀರು ಬಾಯಿಗೆ ಹಾಕ್ಬ್ಯಾಡ ಕಣವ್ವ” ಎಂಬ ಮಾತು ಮನೆಯಿಂದ ಹೊರಗೆ ಕಾಲಿಟ್ಟಾಗಲೆಲ್ಲ ಬೆನ್ನಿಗೆ ಬರುತ್ತಿತ್ತು.

ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿರುವುದು ಸೋಸುವುದಕ್ಕಿಂತ ಆಮೇಲಿನ ಕೆಲಸ. ಅಜ್ಜಿ ಬಟ್ಟೆಯನ್ನು ಎತ್ತಿ ತಿರುಗಿಸುತ್ತಿದ್ದಳು. ಕಸ ಕೂತ ಮಗ್ಗುಲು ಕೆಳಗೆ, ಚೊಕ್ಕಟದ ಮಗ್ಗುಲು ಮೇಲೆ. ಚೊಕ್ಕಟದ ಕಡೆಯಿಂದ ಒಂದು ಚೊಂಬು ಸೋಸಿದ ನೀರು ಹುಯ್ದು ಕಸವನ್ನು ಹೊರಕ್ಕೆ ತಳ್ಳಿ, ಹಿಂಡಿ, ಬಿಸಿಲಿಗೆ ಹಾಕುತ್ತಿದ್ದಳು. ಬೇಲಿಯ ಮೇಲೆ ಒಣಗುವ ಆ ತುಂಡನ್ನು ಯಾರೂ ಕೈ ಒರೆಸಲು ಮುಟ್ಟುವಂತಿರಲಿಲ್ಲ. ಎಷ್ಟೋ ವರ್ಷಗಳ ಮೇಲೆ ಚಾರಣಕ್ಕೆಂದು ಕೊಂಡ ಫಿಲ್ಟರಿನ ಜೊತೆ ಒಂದು ಸಿರಿಂಜ್ ಬಂತು. ಚೊಕ್ಕಟದ ಕಡೆಯಿಂದ ಸೋಸಿದ ನೀರನ್ನೇ ಹಿಮ್ಮುಖವಾಗಿ ಒತ್ತಿ ತೊಳೆಯಿರಿ ಎಂದು ಅದರ ಕೈಪಿಡಿಯಲ್ಲಿತ್ತು. ಓದುತ್ತಿದ್ದಂತೆ ಈ ಕೆಲಸ ನನಗೆ ಆಗಲೇ ಬರುತ್ತದಲ್ಲ ಅನ್ನಿಸಿತು.

ಅಜ್ಜಿಯ ಬಟ್ಟೆಗೆ ಎಷ್ಟು ಬೆಲೆ ಇದೆ ಎಂದು ನನಗೆ ಮೊದಲು ತಿಳಿಸಿದ್ದು ರಾಯಚೂರು ಕಡೆ ಮೇಷ್ಟ್ರಾಗಿದ್ದ ಸೋದರಮಾವ. ರಜಕ್ಕೆ ಬಂದಾಗ ಅವನು ನಾರುಹುಣ್ಣಿನ ಕತೆ ಹೇಳುತ್ತಿದ್ದ. ಮೆಟ್ಟಿಲು ಬಾವಿಗೆ ಕಾಲಿಳಿಸಿ ನೀರು ತುಂಬುವ ಊರುಗಳು. ನೀರಿನಲ್ಲಿ ಕಣ್ಣಿಗೆ ಚುಕ್ಕಿಯ ಹಾಗೆ ಕಾಣುವ ಸೈಕ್ಲಾಪ್ಸ್ ಎಂಬ ಜೀವಿ, ಅದರ ಹೊಟ್ಟೆಯಲ್ಲಿ ಹುಳುವಿನ ಮರಿ. ಕುಡಿದ ಸುಮಾರು ಒಂದು ವರ್ಷದ ಮೇಲೆ ಕಾಲಿನಲ್ಲಿ ಗುಳ್ಳೆಯೆದ್ದು, ಮೀಟರ್ ಉದ್ದದವರೆಗೂ ಬೆಳೆದ ದಾರದಂಥ ಹುಳು ಹೊರಗೆ ಇಣುಕುತ್ತದೆ. ಅದನ್ನು ಕಡ್ಡಿಗೆ ಸುತ್ತಿ ದಿನಕ್ಕೆ ಒಂದಿಷ್ಟೇ ಎಳೆಯಬೇಕು. ಹರಿದರೆ ಕಾಲು ಬಾತು ಕೀವು ತುಂಬುತ್ತದೆ. ಉರಿ ತಾಳಲಾರದೆ ಆ ಕಾಲನ್ನು ಮತ್ತೆ ಬಾವಿಯ ನೀರಿಗಿಟ್ಟರೆ ಸಾವಿರಾರು ಮರಿಗಳು ನೀರಿಗೆ ಬೀಳುತ್ತವೆ. ಸೈಕ್ಲಾಪ್ಸ್ ಅರ್ಧ ಮಿಲಿಮೀಟರಿಗಿಂತ ದೊಡ್ಡದು, ಒತ್ತಾಗಿ ನೇಯ್ದ ಬಟ್ಟೆಯನ್ನು ಅದು ದಾಟಲಾರದು. ಭಾರತದಲ್ಲಿ ಆ ರೋಗದ ಕೊನೆಯ ಪ್ರಕರಣ 1996ರಲ್ಲಿ ರಾಜಸ್ಥಾನದಲ್ಲಿ ಕಂಡಿತು. 2000ದಲ್ಲಿ ದೇಶ ನಾರುಹುಣ್ಣಿನಿಂದ ಮುಕ್ತ ಎಂದು ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿತು. ಲಸಿಕೆಯಿಲ್ಲ, ಗುಣಪಡಿಸುವ ಮದ್ದಿಲ್ಲ. ಮೆಟ್ಟಿಲು ಬಾವಿಗಳನ್ನು ಮುಚ್ಚಿ, ಕೈಪಂಪು ಹಾಕಿ, ನೀರಿಗೆ ಔಷಧಿ ಬಿಟ್ಟು, ಮನೆಮನೆಯಲ್ಲಿ ಬಟ್ಟೆಯಲ್ಲಿ ಸೋಸುವುದನ್ನು ಕಲಿಸಿ ಒಂದು ರೋಗವನ್ನು ದೇಶದಿಂದ ಓಡಿಸಿದ್ದು ಸಣ್ಣ ಮಾತಲ್ಲ. ಇಂಥ ಗೆಲುವನ್ನು ನಾವು ಶಾಲೆಯ ಪುಸ್ತಕಗಳಲ್ಲಿ ಇನ್ನೂ ದೊಡ್ಡದಾಗಿ ಬರೆಯಬೇಕಿತ್ತು.

ಇಂದು ಚಾರಣಿಗರ ಚೀಲದಲ್ಲಿ ಕಾಣುವ ಲೈಫ್‌ಸ್ಟ್ರಾ ಎಂಬ ಕೊಳವೆಯ ಬೇರು ಇರುವುದೂ ನಾರುಹುಣ್ಣಿನ ವಿರುದ್ಧದ ಹೋರಾಟದಲ್ಲೇ. ಆಫ್ರಿಕಾದ ಹಳ್ಳಿಗಳಲ್ಲಿ ನಾರುಹುಣ್ಣು ತಡೆಯಲು ಕಾರ್ಟರ್ ಸೆಂಟರ್ ಎಂಬ ಸಂಸ್ಥೆಯ ಜೊತೆ ಸೇರಿ ಸೋಸುಬಟ್ಟೆ ಮಾಡಿಕೊಟ್ಟ ಕಂಪನಿಯೇ 2005ರಲ್ಲಿ ಲೈಫ್‌ಸ್ಟ್ರಾವನ್ನು ತಂದಿತು. ಸೋಸುವ ಬಟ್ಟೆಯ ಬಗ್ಗೆಯೇ ಬಾಂಗ್ಲಾದೇಶದಲ್ಲಿ ವಿಜ್ಞಾನಿ ರೀಟಾ ಕೋಲ್ವೆಲ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನ 2003ರಲ್ಲಿ ಪ್ರಕಟವಾಯಿತು. ಹಳೇ ಸೀರೆಯನ್ನು ಹಲವು ಮಡಿಕೆ ಮಾಡಿ ನೀರು ಸೋಸಿದ ಹಳ್ಳಿಗಳಲ್ಲಿ ಕಾಲರಾ ಶೇಕಡಾ 48ರಷ್ಟು ಕಡಿಮೆಯಾಗಿತ್ತು. ಹಳೇ ಸೀರೆಯೇ ಏಕೆಂದರೆ ಒಗೆದು ಒಗೆದು ನೂಲು ಅರಳಿ ಸಂದುಗಳು ಕಿರಿದಾಗಿರುತ್ತವೆ. ಹಾಗೆ ಮಡಿಸಿದ ಬಟ್ಟೆಯ ಸಂದು ಸುಮಾರು 20 ಮೈಕ್ರಾನ್. ಕಾಲರಾದ ರೋಗಾಣು ಅದಕ್ಕಿಂತ ಎಷ್ಟೋ ಚಿಕ್ಕದು, ಬಿಡಿಯಾಗಿದ್ದರೆ ದಾಟಿಬಿಡುತ್ತದೆ. ಆದರೆ ಬಹುಪಾಲು ಅದು ನೀರಿನ ಸಣ್ಣ ಜೀವಿಗಳ ಮೈಗೆ ಅಂಟಿಕೊಂಡಿರುವುದರಿಂದ ಅವುಗಳ ಜೊತೆಗೇ ಸಿಕ್ಕಿಬೀಳುತ್ತದೆ. ಉಳಿದ ಶೇಕಡಾ 52ರ ಕತೆಯನ್ನೂ ಮರೆಯಬಾರದು. ಬಟ್ಟೆಯ ಮೇಲೆ ನನಗಿರುವ ಪ್ರೀತಿಗೂ ಒಂದು ಮಿತಿ ಹಾಕಿದ್ದು ಆ ಅಂಕಿಯೇ.

ಆಮೇಲೆ ನಮ್ಮ ಮನೆಗೂ ಎರಡಂತಸ್ತಿನ ಸ್ಟೀಲ್ ಫಿಲ್ಟರ್ ಬಂತು. ಮೇಲಿನ ಪಾತ್ರೆಯಲ್ಲಿ ಬಿಳಿ ಕ್ಯಾಂಡಲ್, ಕೆಳಗಡೆ ನಲ್ಲಿ. ಕ್ಯಾಂಡಲನ್ನು ಮೆದು ಬ್ರಷ್ಷಿನಲ್ಲಿ ಉಜ್ಜುವುದು, ಸೋಪು ತಾಗಿಸದಿರುವುದು, ಬುಡದ ವಾಷರ್ ಬಿಗಿಯಾಗಿದೆಯೇ ನೋಡುವುದು ನನ್ನ ಪಾಲಿನ ಭಾನುವಾರದ ಕೆಲಸ. ಕ್ಯಾಂಡಲ್ ಎಷ್ಟೇ ಒಳ್ಳೆಯದಿರಲಿ, ಬುಡ ಸಡಿಲವಿದ್ದರೆ ನೀರು ಸೋಸಿಕೊಳ್ಳದೆ ಪಕ್ಕದಿಂದಲೇ ಇಳಿಯುತ್ತದೆ.

ಬೆಟ್ಟ ಹತ್ತುವ ಗೀಳು ನನಗೆ ಅಂಟಿದ್ದು ಕಾಲೇಜಿನಲ್ಲಿ. ಮನೆಯ ಹತ್ತಿರವೇ ನಂದಿ ಸಾಲು, ಮಾಕಳಿದುರ್ಗ, ಸ್ಕಂದಗಿರಿ. ಇತ್ತ ಶಿವಗಂಗೆ. ನಮ್ಮ ಬಯಲುಸೀಮೆಯ ಕಲ್ಲುಬೆಟ್ಟಗಳಲ್ಲಿ ನೀರೆಂದರೆ ದೊಣೆಯ ನೀರು, ಅದೂ ಮಳೆ ಬಿದ್ದ ಮೇಲೆ. ಬೇಸಿಗೆಯಲ್ಲಿ ಹಸಿರುಗಟ್ಟಿ ನಿಂತ ದೊಣೆಯ ನೀರನ್ನು ಆಡಿನ ಮರಿಯೂ ಮೂಸಿ ಬಿಡುತ್ತದೆ. ಇಲ್ಲಿಗೆ ಮನೆಯಿಂದಲೇ ನೀರು ಹೊರುವುದು ವಾಸಿ. ಮಲೆನಾಡಿಗೆ ಹೋದಾಗ ಲೆಕ್ಕವೇ ಬೇರೆಯಾಯಿತು. ಕುಕ್ಕೆಯಿಂದ ಕುಮಾರಪರ್ವತ ಹತ್ತುವಾಗ ಗಿರಿಗದ್ದೆಯ ಭಟ್ಟರ ಮನೆಯಲ್ಲಿ ಊಟ, ಅಲ್ಲಿಂದ ಕಲ್ಲುಮಂಟಪ, ಅದರ ಮಗ್ಗುಲಲ್ಲೇ ಹರಿಯುವ ನೀರು. ಅಲ್ಲಿಂದ 1712 ಮೀಟರ್ ಎತ್ತರದ ನೆತ್ತಿಯವರೆಗೆ ಬಹುಪಾಲು ಬಿಸಿಲೇ. ಬಯಲುಸೀಮೆಯವರಿಗೆ ಹರಿಯುವ ತಣ್ಣನೆ ನೀರು ಕಂಡರೆ ತಡೆಯಲಾಗುವುದಿಲ್ಲ. ಬೊಗಸೆಯೊಡ್ಡಿ ಕುಡಿದ ಆ ನೀರಿನ ರುಚಿ ಇಂದಿಗೂ ನಾಲಿಗೆಯಲ್ಲಿದೆ. ಆಗ ಬೆಟ್ಟಕ್ಕೆ ಬರುತ್ತಿದ್ದವರೇ ಕಡಿಮೆ.

ಜನ ಹೆಚ್ಚಿದರು. ವಾರಾಂತ್ಯಕ್ಕೆ ಬಸ್ಸುಗಟ್ಟಲೆ ಬರುವವರಾದರು. 2024ರ ಜನವರಿಯ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರಪರ್ವತದ ದಾರಿಯಲ್ಲಿ ನೆರೆದ ಜನಸಂದಣಿಯ ಚಿತ್ರಗಳನ್ನು ಎಲ್ಲರೂ ನೋಡಿದ್ದಾರೆ. ಅದಾದ ಮೇಲೆ ಅರಣ್ಯ ಇಲಾಖೆ ಚಾರಣಕ್ಕೆ ತಡೆ ಹಾಕಿ, ಮುಂಗಡ ಬುಕಿಂಗ್ ಪದ್ಧತಿ ತಂದಿತು. ತಂದದ್ದು ಒಳ್ಳೆಯದೇ ಆಯಿತು. ಅಷ್ಟು ಜನ ರಾತ್ರಿ ತಂಗುವ ಬೆಟ್ಟದಲ್ಲಿ ಬೆಳಗಿನ ಹೊತ್ತು ಅವರೆಲ್ಲ ಎಲ್ಲಿಗೆ ಹೋಗುತ್ತಾರೆ, ಆಮೇಲೆ ಮಳೆ ಬಂದರೆ ಅದೆಲ್ಲ ಯಾವ ತೊರೆಗೆ ಇಳಿಯುತ್ತದೆ ಎಂದು ಯೋಚಿಸಿದರೆ ಸಾಕು.

ನಮ್ಮ ಚಾರಣದ ಗುಂಪಿನ ಒಬ್ಬಳಿಗೆ ಒಂದು ಮಳೆಗಾಲದ ನಂತರ ಕಾಮಾಲೆ ಬಂತು. ಹಿಂದಿನ ತಿಂಗಳಲ್ಲಿ ಎಲ್ಲೆಲ್ಲಿ ನೀರು ಕುಡಿದಿರಿ ಎಂದು ಡಾಕ್ಟರು ಕೇಳಿದರು. ಕಾಮಾಲೆ ತರುವ ಹೆಪಟೈಟಿಸ್ ಎ ವೈರಸ್ ಮೈಗೆ ಹೊಕ್ಕು ಹೊರಗೆ ಕಾಣಿಸಿಕೊಳ್ಳಲು ಎರಡು ವಾರದಿಂದ ಏಳು ವಾರದವರೆಗೆ ಹಿಡಿಯುತ್ತದೆ. ಹೀಗಾಗಿ ಕಾರಣ ತೊರೆಯ ನೀರೋ, ಬಸ್‌ಸ್ಟ್ಯಾಂಡಿನ ಪಾನಿಪುರಿಯೋ ಹೇಳಲಾಗಲಿಲ್ಲ. ಅವಳು ತಿಂಗಳುಗಟ್ಟಲೆ ಹಾಸಿಗೆ ಹಿಡಿದಳು. ಅವಳ ಮನೆಗೆ ಹೋಗಿ ಬಂದ ರಾತ್ರಿಯೇ ನಾನು ಫಿಲ್ಟರುಗಳ ಬಗ್ಗೆ ಓದಲು ಕೂತೆ.

ಓದಿದಾಗ ಮೊದಲು ತಿಳಿದದ್ದು, ಎಲ್ಲವನ್ನೂ ತಡೆಯುವ ಫಿಲ್ಟರ್ ಇಲ್ಲ ಎಂಬುದು. ಚಾರಣಿಗರು ಹೆಚ್ಚಾಗಿ ಒಯ್ಯುವುದು ಹಾಲೋ ಫೈಬರ್ ಬಗೆಯದು. ಒಳಗೆ ಸೇವಿಗೆಯ ಕಟ್ಟಿನಂತೆ ನೂರಾರು ಟೊಳ್ಳು ಎಳೆಗಳು, ಅವುಗಳ ಗೋಡೆಯಲ್ಲಿ 0.1ರಿಂದ 0.2 ಮೈಕ್ರಾನಿನ ರಂಧ್ರಗಳು. ಕಿಡ್ನಿ ಕೆಟ್ಟವರಿಗೆ ಡಯಾಲಿಸಿಸ್ ಮಾಡುವ ಯಂತ್ರದಲ್ಲಿರುವುದೂ ಇದೇ ಜಾತಿಯ ಎಳೆ. ಭೇದಿ ತರುವ ಜಿಯಾರ್ಡಿಯಾ ಸುಮಾರು 10 ಮೈಕ್ರಾನ್, ಕ್ಲೋರಿನ್ನಿಗೂ ಬಗ್ಗದ ಕ್ರಿಪ್ಟೊಸ್ಪೊರಿಡಿಯಂ 4ರಿಂದ 6, ಸಾಮಾನ್ಯ ಬ್ಯಾಕ್ಟೀರಿಯಾಗಳು ಅರ್ಧ ಮೈಕ್ರಾನಿನ ಮೇಲೆ. ಇವೆಲ್ಲ ಹಿಂದೆಯೇ ಉಳಿಯುತ್ತವೆ. ಕಾಮಾಲೆಯ ವೈರಸ್ 0.03 ಮೈಕ್ರಾನ್, ಸಲೀಸಾಗಿ ದಾಟುತ್ತದೆ. ನನ್ನನ್ನು ಹೆಚ್ಚು ಬೆಚ್ಚಿಸಿದ್ದು ಇಲಿಜ್ವರದ ರೋಗಾಣು. ಬ್ಯಾಕ್ಟೀರಿಯಾವೇ ಆದರೂ ಅದು ಕೂದಲೆಳೆಗಿಂತ ಎಷ್ಟೋ ತೆಳ್ಳಗೆ, ಸುರುಳಿಯಾಗಿ ತಿರುಚಿಕೊಂಡು 0.2 ಮೈಕ್ರಾನಿನ ರಂಧ್ರದಲ್ಲೂ ನುಸುಳಬಲ್ಲದು. ಪ್ರಯೋಗಾಲಯಗಳಲ್ಲಿ ಅದನ್ನು ಬೇರೆ ಬ್ಯಾಕ್ಟೀರಿಯಾಗಳಿಂದ ಬೇರ್ಪಡಿಸಲು ಈ ಗುಣವನ್ನೇ ಬಳಸುತ್ತಾರೆ. ನಮ್ಮ ಕರಾವಳಿ, ಮಲೆನಾಡುಗಳಲ್ಲಿ ಮಳೆಗಾಲದ ಇಲಿಜ್ವರ ಹೊಸದೇನಲ್ಲ. ಗದ್ದೆ ಹಾದು, ಕೊಟ್ಟಿಗೆ ಹಾದು ಬಂದ ನೀರನ್ನು ಬರೀ ಫಿಲ್ಟರ್ ನಂಬಿ ಕುಡಿಯಬಾರದು ಎಂಬುದು ನನಗೆ ಅಂದಿನಿಂದ ನಿಯಮವಾಯಿತು. ಇಂಥ ಕಡೆ ಕುದಿಸಬೇಕು. ಕೊತಕೊತನೆ ಒಂದು ನಿಮಿಷ ಕುದಿದರೆ ಸಾಕು, 2000 ಮೀಟರಿಗಿಂತ ಎತ್ತರದಲ್ಲಿ ಮೂರು ನಿಮಿಷ. ಇಲ್ಲವೇ ಮೊದಲು ಸೋಸಿ ಆಮೇಲೆ ಕ್ಲೋರಿನ್ ಮಾತ್ರೆ ಹಾಕಿ ಅರ್ಧ ಗಂಟೆ ಕಾಯಬೇಕು. ಈ ಕ್ರಮ ತಿರುಗುಮುರುಗಾಗಬಾರದು. ಬಗ್ಗಡದ ನೀರಿಗೆ ಮಾತ್ರೆ ಹಾಕಿದರೆ ಕ್ಲೋರಿನ್ನೆಲ್ಲ ಮಣ್ಣು ಎಲೆಗಳ ಮೇಲೇ ಖರ್ಚಾಗಿ ಹೋಗುತ್ತದೆ.

ಕೊಳ್ಳುವಾಗ ನಾನು ಡಬ್ಬಿಯ ಮೇಲಿನ ದೊಡ್ಡಕ್ಷರಗಳನ್ನು ಓದುವುದಿಲ್ಲ. ಜೊತೆಯವನೊಬ್ಬ ತಂದಿದ್ದ ಫಿಲ್ಟರ್ ಬಾಟಲಿಯ ಮೇಲೆ ದಶಮಾಂಶದ ನಂತರ ಸಾಲುಸಾಲು ಒಂಬತ್ತುಗಳಿದ್ದವು. ರಂಧ್ರದ ಅಳತೆಯೇ ಇರಲಿಲ್ಲ. ಬಿಚ್ಚಿ ನೋಡಿದರೆ ಬರೀ ಇದ್ದಿಲಿನ ಪುಡಿ. ಇದ್ದಿಲು ನೀರಿನ ವಾಸನೆ ತೆಗೆಯುತ್ತದೆ, ಕ್ಲೋರಿನ್ನಿನ ರುಚಿ ತೆಗೆಯುತ್ತದೆ. ರೋಗಾಣುವನ್ನು ತಡೆಯುವುದು ಅದರ ಕೆಲಸವಲ್ಲ. ರಂಧ್ರದ ಅಳತೆ ಬರೆದಿರಬೇಕು, ಅದು ಸರಾಸರಿಯ ಅಳತೆಯಾಗಿರದೆ ಅದಕ್ಕಿಂತ ದೊಡ್ಡ ರಂಧ್ರ ಒಂದೂ ಇಲ್ಲ ಎಂಬ ಖಾತರಿಯ ಅಳತೆಯಾಗಿರಬೇಕು. ಆಮೇಲೆ ನೋಡಬೇಕಾದ್ದು ತೊಳೆಯುವ ಬಗೆ. ಸಾಯರ್ ಕಂಪನಿಯದನ್ನು ಸಿರಿಂಜಿನಿಂದ ಹಿಮ್ಮುಖವಾಗಿ ತೊಳೆಯಬೇಕು. ಕಟಾಡಿನ್‌ನ ಬೀಫ್ರೀಯನ್ನು ನೀರಿನಲ್ಲಿ ಕುಲುಕಿ ಜಾಲಾಡಿಸಿದರೆ ಆಯಿತು. ನಾನು ಸಿರಿಂಜಿನದನ್ನು ಆರಿಸಿಕೊಂಡೆ. ತೂಕ 100 ಗ್ರಾಮಿಗಿಂತ ಕಡಿಮೆ. ಬಾಯಿಟ್ಟು ಹೀರುವ ಕೊಳವೆಗಿಂತ, ಚೀಲ ಒತ್ತಿ ಬಾಟಲಿಗೆ ಇಳಿಸುವ ಬಗೆ ನನಗೆ ಮೆಚ್ಚು. ಸುಸ್ತಾಗಿ ಕೂತ ನಾಲ್ಕು ಜನಕ್ಕೆ ಅಡುಗೆಗೂ ನೀರು ಬೇಕಲ್ಲ, ತೊರೆಗೆ ಬಾಯಿಟ್ಟು ಹೀರುವ ಕೊಳವೆಯಿಂದ ಅನ್ನಕ್ಕೆ ನೀರಿಡಲಾಗುವುದಿಲ್ಲ.

ಮಲೆನಾಡಿನ ಮಳೆಗಾಲದ ನೀರು ಕೆಂಪು. ಜಂಬಿಟ್ಟಿಗೆ ಮಣ್ಣಿನ ಸಣ್ಣ ಕಣ ಹಾಲೋ ಫೈಬರನ್ನು ನೋಡನೋಡುತ್ತಲೇ ಕಟ್ಟಿಹಾಕುತ್ತದೆ. ಅದಕ್ಕೇ ನನ್ನ ಚೀಲದಲ್ಲಿ ಯಾವಾಗಲೂ ಹಳೇ ಹತ್ತಿ ಸೀರೆಯ ತುಂಡೊಂದು ಇರುತ್ತದೆ. ಪಾತ್ರೆಗೆ ನೀರು ತುಂಬಿ ಮಣ್ಣು ಇಳಿಯಲು ಬಿಡುತ್ತೇನೆ. ಮೇಲಿನ ತಿಳಿಯನ್ನು ಬಟ್ಟೆಯಲ್ಲಿ ಸೋಸಿ ಚೀಲಕ್ಕೆ ತುಂಬುತ್ತೇನೆ. ಆಮೇಲಷ್ಟೇ ಫಿಲ್ಟರ್. ಕೊಳೆ ನೀರಿನ ಚೀಲದ ಬಾಯಿಗೆ ಕೆಂಪು ದಾರ ಕಟ್ಟಿದ್ದೇನೆ. ಆ ಚೀಲದ ಒಂದು ಹನಿ ಕುಡಿಯುವ ಬಾಟಲಿಯ ತಿರುಪಿಗೆ ಬಿದ್ದರೂ ಅಷ್ಟು ಹೊತ್ತು ಸೋಸಿದ್ದೆಲ್ಲ ವ್ಯರ್ಥ. ಕತ್ತಲಲ್ಲಿ, ಮಳೆಯಲ್ಲಿ, ಕೈ ನಡುಗುವಾಗ ಯಾವುದು ಯಾವ ಚೀಲ ಎಂದು ಹೇಳುವುದು ಆ ದಾರವೇ. ಹೊಸಬರಿಗೆ ನಾನು ಮೊದಲು ತೋರಿಸುವುದು ಇದನ್ನು. ಅವರಿಗೆ ಫಿಲ್ಟರಿನ ಮೇಲೆ ಇರುವಷ್ಟು ಲಕ್ಷ್ಯ ತಮ್ಮ ಕೈ ಮೇಲೆ ಇರುವುದಿಲ್ಲ.

ಊರಿಗೆ ಮರಳಿದ ಮೇಲೆ ಫಿಲ್ಟರಿನ ಆರೈಕೆಗೆ ಕುಂದಾಣದ ನೀರು ಅಡ್ಡ ಬರುತ್ತದೆ. ನಾನು ಸೇದಿದ ಬಾವಿಗಳೆಲ್ಲ ಬತ್ತಿವೆ. ನಮ್ಮದು ಗಟ್ಟಿ ಬಂಡೆಯ ನೆಲ, ಬಿರುಕಿನಲ್ಲಿ ಸಿಕ್ಕ ನೀರಷ್ಟೇ ನೀರು. ಕೊಳವೆಬಾವಿಗಳು ಸಾವಿರ ಅಡಿಯನ್ನೂ ದಾಟಿ ಇಳಿದಿವೆ, ಬರುವ ನೀರು ಗಡಸು. ಕೆಟ್ಟು ಹೋಗಿದೆ ಎಂದು ನೆರೆಮನೆಯ ಹುಡುಗನೊಬ್ಬ ತನ್ನ ಫಿಲ್ಟರ್ ತಂದು ಕೊಟ್ಟ. ಒತ್ತಿದರೆ ಹನಿಯೂ ಇಳಿಯದು. ಚಾರಣದಿಂದ ಬಂದವನು ನಲ್ಲಿಯ ನೀರಿನಲ್ಲೇ ತೊಳೆದು ಅಟ್ಟದ ಮೇಲೆ ಇಟ್ಟಿದ್ದನಂತೆ. ಒಳಗಿನ ನೀರು ಆರಿ ಸುಣ್ಣ ರಂಧ್ರಗಳಲ್ಲಿ ಗಟ್ಟಿಯಾಗಿತ್ತು, ನಮ್ಮ ಕಾಯಿಸುವ ಪಾತ್ರೆಗಳ ತಳದಲ್ಲಿ ಕಟ್ಟುವ ಅದೇ ಬಿಳಿ ಪೊರೆ. ಬಿಳಿ ವಿನೆಗರಿನಲ್ಲಿ ಅರ್ಧ ಗಂಟೆ ನೆನೆಹಾಕಿ, ಬಿಸಿಯಲ್ಲದ ಉಗುರುಬೆಚ್ಚಗಿನ ನೀರಿನಿಂದ ಹಿಂದುಮುಂದಾಗಿ ತೊಳೆದೆವು. ಮತ್ತೆ ನೆನೆಹಾಕಿದೆವು. ಸಂಜೆಯ ಹೊತ್ತಿಗೆ ಧಾರೆ ಬಂತು. ನಮ್ಮ ಕಡೆಯವರು ಕೊನೆಯ ತೊಳೆತವನ್ನು ಮಳೆನೀರಲ್ಲೋ ಶುದ್ಧ ನೀರಿನ ಘಟಕದ ನೀರಲ್ಲೋ ಮಾಡಬೇಕು. ಬಹಳ ದಿನ ಎತ್ತಿಡುವುದಾದರೆ ಕೈಪಿಡಿ ಹೇಳಿದಷ್ಟೇ ಬ್ಲೀಚ್ ಬೆರೆಸಿದ ನೀರನ್ನು ಹಾಯಿಸಿ, ಗಾಳಿಯಾಡುವ ನೆರಳಿನಲ್ಲಿ ಒಣಗಿಸಬೇಕು. ಅರೆ ಒದ್ದೆಯಾಗಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಒಳಗೆ ಬೂಸ್ಟು ಬೆಳೆಯುತ್ತದೆ.

ಆ ಹುಡುಗ ಒಂದು ಒಳ್ಳೆಯ ಪ್ರಶ್ನೆ ಕೇಳಿದ. “ಅಕ್ಕಾ, ಇಷ್ಟು ಸಣ್ಣ ತೂತಿರೋದಾದ್ರೆ ನಮ್ಮ ಬೋರ್ ನೀರನ್ನೂ ಇದ್ರಲ್ಲೇ ಸೋಸಿ ಕುಡೀಬೋದಲ್ವಾ? ಘಟಕಕ್ಕೆ ಕ್ಯಾನ್ ಹೊರೋದು ತಪ್ಪುತ್ತೆ.” ಕುಡಿಯಬಹುದು, ಆದರೆ ನಮ್ಮ ನೀರಿನ ತೊಂದರೆ ಅದರಿಂದ ಹೋಗುವುದಿಲ್ಲ. ಆಳದ ಬೋರ್ ನೀರಿನಲ್ಲಿರುವುದು ಹೆಚ್ಚಾಗಿ ಕರಗಿದ ತೊಂದರೆ. ಬಂಡೆಯಿಂದ ಬಂದ ಫ್ಲೋರೈಡ್, ಗೊಬ್ಬರದಿಂದಲೂ ಕಕ್ಕಸು ಗುಂಡಿಗಳಿಂದಲೂ ಇಳಿದ ನೈಟ್ರೇಟ್. ನಮ್ಮ ದೇಶದ ಮಾನದಂಡದಲ್ಲಿ ಲೀಟರಿಗೆ ಫ್ಲೋರೈಡ್ 1 ಮಿಲಿಗ್ರಾಂ ಇದ್ದರೆ ಸರಿ, ಬೇರೆ ದಾರಿಯಿಲ್ಲದಿದ್ದರೆ 1.5ರವರೆಗೆ. ನೈಟ್ರೇಟ್ 45. ಉಪ್ಪು ನೀರಿನಲ್ಲಿ ಕರಗಿದ ಹಾಗೆ ಕರಗಿದ್ದನ್ನು 0.1 ಮೈಕ್ರಾನಿನ ರಂಧ್ರ ಹಿಡಿಯಲಾರದು. ಅದಕ್ಕೆ ಘಟಕದಲ್ಲಿರುವ ಆರ್‌ಒ ಪೊರೆಯಂಥದ್ದೇ ಬೇಕು. ಕುದಿಸಿದರಂತೂ ನೀರು ಆವಿಯಾಗಿ ಫ್ಲೋರೈಡ್ ಇನ್ನಷ್ಟು ಗಟ್ಟಿಯಾಗುತ್ತದೆ. ಬೆಟ್ಟದಲ್ಲಿ ಪ್ರಾಣ ಉಳಿಸುವ ಎರಡೂ ಉಪಾಯಗಳು ನಮ್ಮೂರ ಬೋರಿನ ಮುಂದೆ ಕೈಚೆಲ್ಲುತ್ತವೆ. ಇಲ್ಲಿ ಬೇಕಾದ್ದು ವರ್ಷಕ್ಕೊಮ್ಮೆ ನೀರಿನ ಪರೀಕ್ಷೆ ಮಾಡಿಸುವುದು, ಘಟಕದ ಪೊರೆಯನ್ನು ಹೊತ್ತಿಗೆ ಸರಿಯಾಗಿ ಬದಲಿಸುತ್ತಿದ್ದಾರೆಯೇ ಎಂದು ಗ್ರಾಮ ಪಂಚಾಯ್ತಿಯನ್ನು ಕೇಳುವುದು.

ಕೆರೆಗಳ ಮಾತೂ ಬಂತು. ಹೆಬ್ಬಾಳ–ನಾಗವಾರ ಕಣಿವೆ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಸಂಸ್ಕರಿಸಿ ಚಿಕ್ಕಬಳ್ಳಾಪುರ ಮತ್ತು ಬೆಂಗಳೂರು ಸುತ್ತಲ ಕೆರೆಗಳಿಗೆ ಹರಿಸುತ್ತಾರೆ. ದಿನಕ್ಕೆ 210 ದಶಲಕ್ಷ ಲೀಟರ್, 65 ಕೆರೆಗಳು ಎಂಬುದು ಯೋಜನೆಯ ಲೆಕ್ಕ. ನಮ್ಮ ದೇವನಹಳ್ಳಿ ತಾಲೂಕಿನ ಕೆಲವು ಕೆರೆಗಳೂ ಅದರಲ್ಲಿವೆ. ಅಂತರ್ಜಲ ಏರಲಿ ಎಂಬುದು ಅದರ ಉದ್ದೇಶ, ಕುಡಿಯಲಿ ಎಂದಲ್ಲ. ಸೈಕಲ್ಲಿನಲ್ಲಿ ಸುತ್ತಲು ಬರುವ ಬೆಂಗಳೂರಿನ ಹುಡುಗರು ತುಂಬಿದ ಕೆರೆ ಕಂಡು ಫಿಲ್ಟರ್ ತೆಗೆಯುವುದನ್ನು ನೋಡಿದ್ದೇನೆ. ಗಾಡಿ ನಿಲ್ಲಿಸಿ ಬೇಡ ಎಂದು ಹೇಳಿದ್ದೇನೆ. ಸಾಬೂನು, ಔಷಧಿ, ರಾಸಾಯನಿಕಗಳ ಉಳಿಕೆಯನ್ನು ಅವರ ಕೈಲಿದ್ದ ಆ ಕೊಳವೆ ತಡೆಯುವುದಿಲ್ಲ.

ಹೋದ ಚಳಿಗಾಲ ಅಣ್ಣನ ಮಗಳು ಉತ್ತರಾಖಂಡದ ಕೇದಾರಕಂಠಕ್ಕೆ ಹೊರಟಳು. “ಅತ್ತೆ, ನಿನ್ನ ಫಿಲ್ಟರ್ ಕೊಡು” ಎಂದಳು. ಕೊಡಲಿಲ್ಲ. ಒಮ್ಮೆ ಒದ್ದೆಯಾದ ಹಾಲೋ ಫೈಬರಿನಲ್ಲಿ ಎಷ್ಟು ಕೊಡವಿದರೂ ನೀರು ಉಳಿದೇ ಇರುತ್ತದೆ. ಅದು ಹೆಪ್ಪುಗಟ್ಟಿ ಹಿಗ್ಗಿದರೆ ಎಳೆಗಳು ಸೀಳುತ್ತವೆ. ಹೊರಗೆ ಏನೂ ಕಾಣದು, ನೀರು ಮೊದಲಿಗಿಂತ ಸರಾಗವಾಗಿಯೇ ಇಳಿಯುತ್ತದೆ, ಫಿಲ್ಟರ್ ಇದೆ ಎಂಬ ಧೈರ್ಯದಲ್ಲಿ ಕುಡಿದವರು ಮಲಗುತ್ತಾರೆ. ಹಗಲು ಜೇಬಿನಲ್ಲಿ, ರಾತ್ರಿ ಸ್ಲೀಪಿಂಗ್ ಬ್ಯಾಗಿನಲ್ಲಿ ಮೈಗೆ ತಾಗಿಸಿ ಇಟ್ಟುಕೊಂಡರೆ ಉಳಿಸಿಕೊಳ್ಳಬಹುದು. ಮೊದಲ ಸಲ ಹಿಮಕ್ಕೆ ಹೋಗುವವಳಿಗೆ ಅಷ್ಟು ನೆನಪು ಉಳಿಯಲಿಕ್ಕಿಲ್ಲ. ಅನುಮಾನ ಬಂದರೆ ನೋಡುವ ಬಗೆಯನ್ನು ಮಾತ್ರ ತೋರಿಸಿದೆ. ಒದ್ದೆ ಫಿಲ್ಟರಿಗೆ ಬಾಯಿಂದ ಬಲವಾಗಿ ಊದಬೇಕು, ಎಳೆ ಗಟ್ಟಿಯಾಗಿದ್ದರೆ ಗಾಳಿ ದಾಟುವುದಿಲ್ಲ, ಗುಳ್ಳೆ ಬಂತೆಂದರೆ ಬಿಸಾಡಬೇಕು. ಅವಳೂ ಊದಿ ನೋಡಿದಳು, ಕೆನ್ನೆ ಉಬ್ಬಿತೇ ಹೊರತು ಗಾಳಿ ಹೋಗಲಿಲ್ಲ.

ಕ್ಲೋರಿನ್ ಮಾತ್ರೆಯ ಪಟ್ಟಿ, ಸ್ಟೀಲ್ ಬಾಟಲಿ, ಸೀರೆಯ ತುಂಡು ಕೊಟ್ಟು ಕಳಿಸಿದೆ. ಹಿಮ ಕರಗಿಸಿದ ನೀರನ್ನು ಕುದಿಸಿಯೇ ಕುಡಿ, ತಣ್ಣನೆ ನೀರಿಗೆ ಮಾತ್ರೆ ನಿಧಾನ, ಇನ್ನೂ ಹೆಚ್ಚು ಹೊತ್ತು ಬಿಡು, ನೀರು ತುಂಬುವ ಮುಂಚೆ ಮೇಲುಗಡೆ ಯಾರಾದರೂ ಟೆಂಟ್ ಹಾಕಿದ್ದಾರಾ ವಿಚಾರಿಸು ಎಂದೆ. ಮೂರನೆಯ ದಿನ ಸಿಗ್ನಲ್ ಸಿಕ್ಕ ಕಡೆಯಿಂದ ಫೋನ್ ಮಾಡಿದಳು. ಅವರ ಕ್ಯಾಂಪಿನ ತೊರೆಯ ಮೇಲುಗಡೆ ಇನ್ನೊಂದು ತಂಡ ಟೆಂಟ್ ಹಾಕಿತ್ತಂತೆ. ಇವಳು ಕೇಳಿದ್ದಕ್ಕೆ ಗೈಡ್ ಕ್ಯಾನುಗಳನ್ನು ಹೊತ್ತು ಇವರನ್ನೂ ಕರೆದುಕೊಂಡು, ಆ ಟೆಂಟುಗಳನ್ನೂ ದಾಟಿ ಮೇಲಕ್ಕೆ ಹೋಗಿ ನೀರು ತುಂಬಿಸಿಕೊಂಡು ಬಂದನಂತೆ.